ಕಣ್ಣಿಗೆ ಬಿಟ್ಟ ಹನಿ ಎಲ್ಲಿಗೆ ಹೋಗುತ್ತದೆ?



ವೈದ್ಯಕೀಯ ನೆರವಿನ ಅರ್ಜಿಗಳನ್ನು ನೋಡಲು ಕುಳಿತಾಗ ನಮ್ಮಲ್ಲಿ ಆಗಾಗ ಏಳುವ ಪ್ರಶ್ನೆ ಒಂದಿದೆ. "ಕಣ್ಣಿಗೆ ಹಾಕುವ ಡ್ರಾಪ್ಸ್‌ಗೆ ಇಷ್ಟು ದುಡ್ಡು ಯಾಕೆ? ಒಂದು ಬಾಟಲಿ ಸಾಲದೆ?" ಕೇಳುವುದು ತಪ್ಪಲ್ಲ, ದಾನದ ಹಣಕ್ಕೆ ಲೆಕ್ಕ ಬೇಕೇ ಬೇಕು. ಅರ್ಜಿ ತಂದ ಮನೆಯವರ ಪ್ರಶ್ನೆ ಬೇರೆ. "ಗಂಟೆಗೊಂದು ಸಲ ಹಾಕಬೇಕಂತೆ, ರಾತ್ರಿಯೂ ಎಬ್ಬಿಸಿ ಹಾಕಬೇಕಂತೆ. ಅದರ ಬದಲು ಒಂದು ಇಂಜೆಕ್ಷನ್ ಕೊಟ್ಟುಬಿಟ್ಟರೆ ಆಗುವುದಿಲ್ಲವೇ ಸರ್?" ಈ ಎರಡೂ ಪ್ರಶ್ನೆಗಳಿಗೆ ಉತ್ತರ ಕಾರ್ನಿಯಾದಲ್ಲಿದೆ. ಅದನ್ನು ನಮಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸುತ್ತಿದ್ದೇವೆ.

ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪೊರೆಯೇ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬೆಳಕು ಸರಾಗವಾಗಿ ಒಳಗೆ ಹೋಗಬೇಕಾದ್ದರಿಂದ ಅಲ್ಲಿ ರಕ್ತನಾಳಗಳಿಲ್ಲ. ನುಂಗಿದ ಮಾತ್ರೆಯಾಗಲಿ, ತೋಳಿಗೆ ಕೊಟ್ಟ ಇಂಜೆಕ್ಷನ್ ಆಗಲಿ ರಕ್ತದ ಮೂಲಕವೇ ದೇಹದಲ್ಲಿ ಹರಡುತ್ತದೆ. ರಕ್ತವೇ ಹೋಗದ ಜಾಗಕ್ಕೆ ಔಷಧಿ ಸಾಕಷ್ಟು ತಲುಪುವುದು ಕಷ್ಟ. ಹಾಗಾಗಿ ಮೇಲಿನಿಂದ ಹನಿ ಹಾಕುವುದೇ ಮುಖ್ಯ ದಾರಿ.

ಆ ದಾರಿಯೂ ಸುಲಭದ್ದಲ್ಲ. ಬಾಟಲಿಯಿಂದ ಬೀಳುವ ಒಂದು ಹನಿ ಸುಮಾರು 40ರಿಂದ 50 ಮೈಕ್ರೋಲೀಟರ್ ಇರುತ್ತದೆ. ಕಣ್ಣಿನ ಮೇಲೆ ಸಾಮಾನ್ಯವಾಗಿ ನಿಲ್ಲುವ ಕಣ್ಣೀರು ಸುಮಾರು 7 ಮೈಕ್ರೋಲೀಟರ್ ಮಾತ್ರ. ರೆಪ್ಪೆಯ ಒಳಗಿನ ಜಾಗವೆಲ್ಲ ತುಂಬಿದರೂ 30 ಮೈಕ್ರೋಲೀಟರ್ ಹಿಡಿದರೆ ಹೆಚ್ಚು. ಉಳಿದದ್ದು ಕೆನ್ನೆಗೆ ಇಳಿಯುತ್ತದೆ. ನಿಂತದ್ದು ಕೂಡ ರೆಪ್ಪೆ ಬಡಿದಾಗಲೆಲ್ಲ ಮೂಗಿನ ಪಕ್ಕದ ಸಣ್ಣ ತೂಬಿನಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ ಹರಿದುಹೋಗುತ್ತದೆ. ಕೆಲವೇ ನಿಮಿಷಗಳಲ್ಲಿ ಕಣ್ಣೀರು ತೊಳೆದುಬಿಡುತ್ತದೆ. ಹೀಗೆಲ್ಲ ಆಗಿ ಕಣ್ಣಿನೊಳಗೆ ನಿಜವಾಗಿ ಇಳಿಯುವ ಔಷಧಿ ನೂರಕ್ಕೆ 5 ಪಾಲಿಗಿಂತಲೂ ಕಡಿಮೆ. ಒಂದು ಬಾಟಲಿ ಏಕೆ ಸಾಲದು ಎಂಬುದಕ್ಕೆ ಇದೇ ಲೆಕ್ಕ.

ನಿಂತ ಅಷ್ಟನ್ನೂ ಕಾರ್ನಿಯಾ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದರ ಮೇಲ್ಪದರದ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿವೆ. ಎಣ್ಣೆ ಹಚ್ಚಿದ ಚರ್ಮದ ಹಾಗೆ ಎಂದುಕೊಳ್ಳಿ. ಎಣ್ಣೆಗುಣದ ಔಷಧಿಗೆ ದಾರಿ ಬಿಡುತ್ತದೆ, ನೀರುಗುಣದ್ದನ್ನು ತಡೆಯುತ್ತದೆ. ಅದರ ಕೆಳಗೆ, ಕಾರ್ನಿಯಾದ ಹತ್ತರಲ್ಲಿ ಒಂಬತ್ತು ಪಾಲು ದಪ್ಪವಿರುವ ನಡುಪದರ ಒದ್ದೆ ಹತ್ತಿಯಂಥದು. ಅದು ನೀರುಗುಣದ್ದನ್ನು ಹೀರುತ್ತದೆ, ಎಣ್ಣೆಗುಣದ್ದಕ್ಕೆ ಅಡ್ಡಿ. ಅಂದರೆ ಎರಡೂ ಗುಣ ಅಳತೆಯಲ್ಲಿ ಬೆರೆತಿರುವ, ಅಣು ಚಿಕ್ಕದಾಗಿರುವ ಔಷಧಿ ಮಾತ್ರ ಚೆನ್ನಾಗಿ ಒಳಗಿಳಿಯುತ್ತದೆ. ಅಲ್ಲಾಹನು ಕಣ್ಣಿಗೆ ಇಟ್ಟ ಕಾವಲು ಅಷ್ಟು ಗಟ್ಟಿ. ಧೂಳಿಗೂ ಕ್ರಿಮಿಗೂ ಬಾಗಿಲು ಹಾಕುವ ಆ ಕಾವಲು ಔಷಧಿಗೂ ಬಾಗಿಲು ಹಾಕುತ್ತದೆ.

ಇದು ನಮ್ಮ ಭಾಗಕ್ಕೆ ಯಾಕೆ ಮುಖ್ಯ ಎಂದು ಕೇಳಬಹುದು. ಕಂಪ್ಲಿಯ ಕಡೆ ಭತ್ತದ ಒಕ್ಕಣೆಯಲ್ಲಿ ಹೊಟ್ಟು, ಕಬ್ಬು ಕಡಿಯುವಾಗ ಗರಿಯ ಅಂಚು, ಹಂಪಿಯ ಸುತ್ತ ಬಾಳೆ ತೋಟದ ಕೆಲಸ, ಸಂಡೂರಿನ ಅದಿರಿನ ಕೆಂಪು ಧೂಳು, ಹೊಸಪೇಟೆಯ ಗ್ಯಾರೇಜುಗಳಲ್ಲಿ ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ಕಿಡಿ, ಇವುಗಳಲ್ಲಿ ಯಾವುದಾದರೂ ಕಾರ್ನಿಯಾವನ್ನು ಗೀರಬಲ್ಲದು. ಗೀರಿದ ಜಾಗದಲ್ಲಿ ಕ್ರಿಮಿ ಸೇರಿದರೆ ಹುಣ್ಣಾಗುತ್ತದೆ. ಪೈರು, ಸೊಪ್ಪು, ಮಣ್ಣಿನಿಂದ ಆದ ಗಾಯದಲ್ಲಿ ಶಿಲೀಂಧ್ರ, ಎಂದರೆ ಫಂಗಸ್ ಸೇರುವ ಭಯ ಹೆಚ್ಚು. ಹುಣ್ಣು ವಾಸಿಯಾದರೂ ಬಿಳಿ ಕಲೆ ಉಳಿಯುತ್ತದೆ. ಅದನ್ನೇ ನಮ್ಮ ಜನ ಕಣ್ಣಿಗೆ ಹೂ ಬಿತ್ತು ಎನ್ನುವುದು. ಕೂಲಿಯವನಿಗೆ, ಡ್ರೈವರ್‌ಗೆ ಹೂ ಬಿತ್ತೆಂದರೆ ಮನೆಯ ಅನ್ನಕ್ಕೇ ಕಲ್ಲು ಬಿದ್ದ ಹಾಗೆ, ಮಕ್ಕಳ ಓದೂ ಅಲ್ಲಿಗೆ ನಿಂತ ಹಾಗೆ.

ಫಂಗಸ್ ಹುಣ್ಣಿಗೆ ಬಹಳ ಕಾಲದಿಂದ ಬಳಕೆಯಲ್ಲಿರುವ ಔಷಧಿ ನಟಾಮೈಸಿನ್, ಶೇಕಡಾ 5ರ ಡ್ರಾಪ್ಸ್. ಇದರ ಅಣು ದೊಡ್ಡದು, ನೀರಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಸುಣ್ಣದ ತಿಳಿಯಲ್ಲಿ ಸುಣ್ಣ ಕುಳಿತ ಹಾಗೆ ಬಾಟಲಿಯ ತಳದಲ್ಲಿ ಕುಳಿತುಬಿಡುತ್ತದೆ. ಅದಕ್ಕಾಗಿಯೇ ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿ ಹಾಕಬೇಕು. ಅಲುಗಾಡಿಸದೆ ಹಾಕಿದರೆ ರೋಗಿಗೆ ಸಿಗುವುದು ಬರೀ ನೀರು. ಕಣ್ಣಿನ ಡಾಕ್ಟರು ಹುಣ್ಣಿನ ಮೇಲ್ಭಾಗವನ್ನು ಮೆಲ್ಲಗೆ ಕೆರೆಯುವುದಕ್ಕೂ ಎರಡು ಕಾರಣಗಳಿವೆ. ಕೆರೆದದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ರಿಮಿ ಯಾವುದೆಂದು ತಿಳಿಯುವುದು ಒಂದು, ಅಡ್ಡವಾಗಿದ್ದ ಪದರ ಹೋಗಿ ಔಷಧಿಗೆ ದಾರಿಯಾಗುವುದು ಇನ್ನೊಂದು.

ಹಾಗಾದರೆ ಚೆನ್ನಾಗಿ ಒಳಗಿಳಿಯುವ ಬೇರೆ ಔಷಧಿ ಕೊಟ್ಟರಾಯಿತಲ್ಲ? ಹಾಗೆಂದೇ ವೊರಿಕೊನಜೋಲ್ ಎಂಬ ಹೊಸ ಔಷಧಿಯ ಮೇಲೆ ವೈದ್ಯರು ಬಹಳ ಭರವಸೆ ಇಟ್ಟಿದ್ದರು. ತಮಿಳುನಾಡು ಮತ್ತು ಪುದುಚೇರಿಯ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗೆದ್ದದ್ದು ಹಳೆಯ ನಟಾಮೈಸಿನ್, ಅದರಲ್ಲೂ ಫ್ಯುಸೇರಿಯಂ ಎಂಬ ಫಂಗಸ್ ಇದ್ದವರಲ್ಲಿ. ಒಳಗೆ ಇಳಿದರೆ ಸಾಲದು, ಇಳಿದಲ್ಲಿ ಕ್ರಿಮಿಯನ್ನು ಕೊಲ್ಲಬೇಕು. ನಮಗೆ ಈ ಫಲಿತಾಂಶ ಬಹಳ ಹಿಡಿಸಿತು, ದುಬಾರಿಯದ್ದೇ ಒಳ್ಳೆಯದು ಎಂಬ ಮಾತು ಇಲ್ಲಿ ನಿಲ್ಲಲಿಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಟಾಮೈಸಿನ್ ಅನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಈಗಿನ ಸಂಶೋಧಕರು ಇದೇ ನಟಾಮೈಸಿನ್ ಅನ್ನು ಒಳಗೆ ಕಳಿಸುವ ಉಪಾಯ ಹುಡುಕುತ್ತಿದ್ದಾರೆ. ದೆಹಲಿಯ ಐಐಟಿಯಲ್ಲಿ ಪ್ರೊಫೆಸರ್ ಅರ್ಚನಾ ಚುಗ್ ಅವರ ತಂಡ, ಜೀವಕೋಶದೊಳಗೆ ನುಗ್ಗಬಲ್ಲ ಸಣ್ಣ ಪೆಪ್ಟೈಡ್ ಒಂದನ್ನು ಔಷಧಿಗೆ ಜೋಡಿಸಿ ಪ್ರಯೋಗ ಮಾಡಿದೆ. ಪ್ರಾಣಿಗಳ ಕಣ್ಣಿನಲ್ಲಿ ಅದು ಹೆಚ್ಚು ಒಳಗಿಳಿಯಿತು. ಬೇರೆಡೆ, ಕಣ್ಣಿಗೆ ಬಿದ್ದೊಡನೆ ಗಂಜಿಯಂತೆ ಗಟ್ಟಿಯಾಗಿ ನಿಲ್ಲುವ ಹನಿ, ಔಷಧಿ ತುಂಬಿದ ಕಾಂಟ್ಯಾಕ್ಟ್ ಲೆನ್ಸ್, ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳಲ್ಲಿ ಔಷಧಿ ಕೂರಿಸುವುದು, ಕರಗಿಹೋಗುವ ಸೂಕ್ಷ್ಮ ಸೂಜಿಗಳು, ಹೀಗೆ ಹಲವು ಪ್ರಯತ್ನಗಳು ನಡೆದಿವೆ. ಬಿ.ಫಾರ್ಮ ಓದುವ ನಮ್ಮ ಮಕ್ಕಳು ಇದನ್ನು ಗಮನಿಸಬೇಕು. ಫಾರ್ಮಸಿ ಎಂದರೆ ಮೆಡಿಕಲ್ ಸ್ಟೋರ್ ಇಡುವುದು ಎಂದಷ್ಟೇ ತಿಳಿದ ತಂದೆತಾಯಿ ಇನ್ನೂ ಇದ್ದಾರೆ. ಔಷಧಿಯನ್ನು ದೇಹದ ಸರಿಯಾದ ಜಾಗಕ್ಕೆ ತಲುಪಿಸುವ ಈ ವಿದ್ಯೆಯೂ ಎಂ.ಫಾರ್ಮದಲ್ಲಿ ಓದಬಹುದಾದ ವಿಷಯವೇ.

ಅದೆಲ್ಲ ಅಂಗಡಿಗೆ ಬರುವ ತನಕ ಮನೆಯಲ್ಲಿ ಮಾಡಬೇಕಾದದ್ದು ಬಹಳ ಇದೆ. ಒಂದು ಸಲಕ್ಕೆ ಒಂದೇ ಹನಿ ಸಾಕು, ಎರಡನೆಯದು ಮೊದಲನೆಯದನ್ನೇ ತಳ್ಳಿ ಹೊರಹಾಕುತ್ತದೆ. ಕೆಳರೆಪ್ಪೆ ಎಳೆದು ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿಹಿಡಿದರೆ ಆ ತೂಬು ಮುಚ್ಚುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷವಾದರೂ ಬಿಡಬೇಕು. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು.

ರಂಜಾನಿನಲ್ಲಿ ಹಗಲು ಡ್ರಾಪ್ಸ್ ನಿಲ್ಲಿಸುವವರು ಇದ್ದಾರೆ. ಕಹಿ ಗಂಟಲಿಗೆ ಬರುತ್ತದೆ, ರೋಜಾ ಮುರಿಯಿತೇನೋ ಎಂಬ ಅಳುಕು. ಕಹಿ ಬರುವುದು ಆ ತೂಬಿನಿಂದಲೇ. ಹನಫಿ ಮತ್ತು ಶಾಫಿ ಮಝ್‌ಹಬ್‌ಗಳ ಪ್ರಕಾರ ಕಣ್ಣಿಗೆ ಹಾಕಿದ ಔಷಧಿಯಿಂದ, ರುಚಿ ಗಂಟಲಲ್ಲಿ ತಿಳಿದರೂ, ರೋಜಾ ಮುರಿಯುವುದಿಲ್ಲ. ಸಂಶಯವಿದ್ದರೆ ಇಮಾಮ್ ಸಾಹೇಬರನ್ನು ಕೇಳಿ, ಆದರೆ ಕೇಳುವ ತನಕ ಹುಣ್ಣಿನ ಔಷಧಿ ನಿಲ್ಲಿಸಬೇಡಿ. ಗಾಯವಾದ ಕಣ್ಣಿಗೆ ಸುರ್ಮಾ, ಸೊಪ್ಪಿನ ರಸ, ಎದೆಹಾಲು ಯಾವುದೂ ಬೇಡ. ಅಂಗಡಿಯವರು ತಾವಾಗಿಯೇ ಕೊಡುವ ಸ್ಟೆರಾಯ್ಡ್ ಡ್ರಾಪ್ಸ್ ಇನ್ನೂ ಅಪಾಯ. ಕೆಂಪು ಇಳಿದು ಹಾಯೆನಿಸುತ್ತದೆ, ಒಳಗೆ ಫಂಗಸ್ ಬೆಳೆಯುತ್ತದೆ.

ಬೇಗ ಹೋದಷ್ಟೂ ಔಷಧಿ ಕಡಿಮೆ ಸಾಕು. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಂದಲೇ, ಕಣ್ಣು ಗೀರಿಕೊಂಡವರಿಗೆ ಆಂಟಿಬಯೋಟಿಕ್ ಮುಲಾಮು ಹಾಕಿಸಿದರು. 2001ರಲ್ಲಿ ಪ್ರಕಟವಾದ ಅದರ ವರದಿಯಂತೆ, ಗಾಯವಾದ 18 ಗಂಟೆಯೊಳಗೆ ಬಂದವರಲ್ಲಿ ಯಾರಿಗೂ ಹುಣ್ಣಾಗಲಿಲ್ಲ. ಸಂಜೆ ಕಣ್ಣಿಗೆ ಹೊಟ್ಟು ಬಡಿದರೆ ಮರುದಿನ ಬೆಳಿಗ್ಗೆಯೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿಂದ ಬಳ್ಳಾರಿಗೆ ಕಳಿಸಿದರೆ ತಡ ಮಾಡದೆ ಹೊರಡಿ.

ಕಣ್ಣಿನ ಹುಣ್ಣಿನ ಚಿಕಿತ್ಸೆಗೆ ನೆರವು ಕೋರುವವರು ಅರ್ಜಿಯ ಜತೆ ಡಾಕ್ಟರ ಚೀಟಿ ಮತ್ತು ಔಷಧಿ ಬಿಲ್ಲಿನ ಪ್ರತಿ ಇಡಬೇಕು. ದಿನಕ್ಕೆ ಎಷ್ಟು ಸಲ ಹಾಕಬೇಕು ಎಂಬುದು ಚೀಟಿಯಲ್ಲಿ ಸ್ಪಷ್ಟವಾಗಿರಲಿ. ಬಾಟಲಿಗಳ ಸಂಖ್ಯೆಯನ್ನು ಅದರಿಂದಲೇ ಲೆಕ್ಕ ಹಾಕುತ್ತೇವೆ.