ಎಸಿ ಕಚೇರಿಗೆ ಹೋಗುವ ಮೊದಲು ಒಂದು ಸಲಾಂ

ಮಗ ಘಟ್ಟದ ಮೇಲೆ ಅಂಗಡಿಯಲ್ಲಿ, ಉಮ್ಮ-ಬಾಪ ಊರಿನ ಮನೆಯಲ್ಲಿ. ವ್ಯಾಪಾರಕ್ಕೆಂದು ಕರಾವಳಿ ಬಿಟ್ಟವರ ಮನೆಗಳಲ್ಲಿ ಇದು ಸಾಮಾನ್ಯ. ಆದರೆ ಜಾಗ ಯಾರ ಹೆಸರಿಗೆ, ಅಂಗಡಿಗೆ ಹಾಕಿದ ದುಡ್ಡು ಯಾರದ್ದು, ಸೊಸೆ ಏನಂದಳು ಎಂದು ಮಾತು ಬೆಳೆದರೆ ಮೊದಲು ಫೋನು ನಿಲ್ಲುತ್ತದೆ. ಆಮೇಲೆ ಪೆರ್ನಾಲ್‌ಗೆ ಬರುವುದೂ ನಿಲ್ಲುತ್ತದೆ. ಕೊನೆಗೆ ಯಾರಾದರೊಬ್ಬರು ಹೇಳುತ್ತಾರೆ: ‘ಒಂದು ಕೇಸು ಹಾಕಿ ಬಿಡಿ’.

ಹೆತ್ತವರ ಪೋಷಣೆಗೆ 2007ರ ಕಾಯ್ದೆ ಇದೆ. ಅರ್ಜಿ ಕೇಳುವವರು ಉಪವಿಭಾಗಾಧಿಕಾರಿ, ಅಂದರೆ ಎಸಿ. ಮಗ ತುಮಕೂರು ಜಿಲ್ಲೆಯ ದೊಡ್ಡೇರಿಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳಿಗೆ ಮಧುಗಿರಿಯಲ್ಲೇ ಎಸಿ ಕಚೇರಿ. ಹಾಗಂತ ಬಂಟ್ವಾಳದ ಉಮ್ಮ ಅಷ್ಟು ದೂರ ಅಲೆಯಬೇಕಾಗಿಲ್ಲ. ತಾನಿರುವ ಜಿಲ್ಲೆಯಲ್ಲೇ ಅರ್ಜಿ ಕೊಡಬಹುದು. ಮಗಳ ಮೇಲೂ ಕೊಡಬಹುದು. ಕಾಯ್ದೆಯಂತೆ ಸಿಗುವುದು ತಿಂಗಳಿಗೆ ಗರಿಷ್ಠ 10,000 ರೂಪಾಯಿ.

ಇದೇ ಕಾಯ್ದೆಯಲ್ಲಿ ಇನ್ನೊಂದು ದಾರಿಯೂ ಇದೆ. ವಿಚಾರಣೆಗೆ ಮೊದಲು ಅರ್ಜಿಯನ್ನು ರಾಜಿ ಅಧಿಕಾರಿಗೆ ಒಪ್ಪಿಸಬಹುದು. ಅವರು ಒಂದು ತಿಂಗಳೊಳಗೆ ವರದಿ ಕೊಡಬೇಕು. ರಾಜಿಯಾದರೆ ಅದರಂತೆಯೇ ಆದೇಶ. ಸರಕಾರಿ ಕಚೇರಿಯೇ ಒಂದು ತಿಂಗಳು ಕಾಯಲು ತಯಾರಿರುವಾಗ ಮನೆಯವರಿಗೆ ಯಾಕೆ ಅವಸರ?

ಹೆತ್ತವರಿಗೆ ‘ಛೆ’ ಎಂದೂ ಅನ್ನಬಾರದೆಂದು ಸೂರಾ ಬನೀ ಇಸ್ರಾಈಲ್ ಮಕ್ಕಳಿಗೆ ಕಲಿಸುತ್ತದೆ. ಅದನ್ನು ಮಕ್ಕಳಿಗೆ ನೆನಪಿಸುವ ಬಾಪ ಇನ್ನೊಂದನ್ನೂ ನೆನಪಿಡಬೇಕು. ನುಅಮಾನ್ ಬಿನ್ ಬಶೀರ್‌ರಿಗೆ ಮಾತ್ರ ಉಡುಗೊರೆ ಕೊಟ್ಟ ಅವರ ತಂದೆಗೆ, ಮಕ್ಕಳ ನಡುವೆ ನ್ಯಾಯ ಪಾಲಿಸುವಂತೆ ಹೇಳಿ ಅದನ್ನು ಹಿಂದೆ ಪಡೆಯುವಂತೆ ಮಾಡಿದವರು ಪ್ರವಾದಿ(ಸ). ಒಬ್ಬ ಮಗನ ಹೆಸರಿಗೆ ಜಾಗ ಬರೆದು, ಉಳಿದವರು ಯಾಕೆ ಬರುವುದಿಲ್ಲ ಎಂದು ಕೇಳಿದರೆ ಹೇಗೆ?

ರಾಜಿಗೆ ಇಬ್ಬರೂ ಒಪ್ಪುವ ಒಬ್ಬರು ಸಾಕು: ಸೋದರಮಾವ, ಖತೀಬ್ ಅಥವಾ ಜಮಾಅತಿನ ಒಬ್ಬ ಹಿರಿಯರು. ಹತ್ತು ಜನ ಸೇರಿದರೆ ಅದು ಪಂಚಾಯಿತಿ. ಮನೆಯ ವಾಯ್ಸ್ ಮೆಸೇಜು ಕುಟುಂಬದ ಗ್ರೂಪಿಗೆ ಹೋಗದಿರಲಿ. ಸೊಸೆಯನ್ನು ಆರೋಪಿ ಮಾಡಬೇಡಿ, ಅವಳ ಮಾತನ್ನೂ ಕೇಳಿ. ಮೊದಲ ದಿನ ಖರ್ಚು ಮತ್ತು ಮದ್ದಿನ ವಿಷಯ ಮಾತ್ರ ಮಾತಾಡಿ. ಯಾರು ಎಷ್ಟು ಕೊಡುವುದು, ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗುವುದು ಎಂದು ಬರೆದಿಡಿ. ಜಾಗದ ಲೆಕ್ಕ ಇನ್ನೊಂದು ದಿನಕ್ಕಿರಲಿ.

ಆದರೆ ಹೊಡೆತ, ಉಪವಾಸ, ಮನೆಯಿಂದ ಹೊರಗೆ ಹಾಕುವುದು ನಡೆದಿದ್ದರೆ ರಾಜಿಗೆ ಕಾಯಬೇಡಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ಮರ್ಯಾದೆ ಹೋಗುತ್ತದೆಂದು ಉಮ್ಮ ಸುಮ್ಮನೆ ನರಳಬೇಕಾಗಿಲ್ಲ.

ಉಳಿದ ಮನೆಗಳಲ್ಲಿ ಈ ಜುಮಾ ಕಳೆದ ಮೇಲೆ ಒಂದು ಫೋನು ಮಾಡಿ. ಮುನಿಸಿಕೊಂಡವರಲ್ಲಿ ಮೊದಲು ಸಲಾಂ ಹೇಳುವವನೇ ಉತ್ತಮನೆಂದು ನಾವು ಮದ್ರಸದಲ್ಲೇ ಕಲಿತಿದ್ದೇವೆ. ಅಲ್ಲಿ ವಯಸ್ಸಿನ ಲೆಕ್ಕ ಇಲ್ಲ.