ಪಟ್ಟೆ ಕಟ್‌ಪೀಸಿಗೆ ನಿರಿಗೆಯ ಸೊಬಗು

ಯಶವಂತಪುರ, ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಒಟ್ಟಿಗೇ ಕತ್ತರಿಸುತ್ತಾರೆ. ಉಳಿದ ಥಾನಿನ ತುದಿ, ಬಣ್ಣ ತುಸು ಬೇರೆಯಾದ ತುಂಡು ಕಟ್‌ಪೀಸ್ ವ್ಯಾಪಾರಿಗಳ ಕೈಸೇರುತ್ತವೆ. ಆ ರಾಶಿಯಲ್ಲಿ ಟೀ-ಶರ್ಟಿನ ಪಟ್ಟೆ ಹೊಸೈರಿ ಸಿಕ್ಕರೆ ಬಿಡಬಾರದು. ಒಂದೂವರೆ ಮೀಟರ್ ಇದ್ದರೂ ಕತ್ತಿನಡಿ ನಿರಿಗೆ ಇಳಿಬಿದ್ದ ಚೆಂದದ ಟಾಪ್ ಆಗುತ್ತದೆ.

ಹೊಸೈರಿ ನೇಯ್ದದ್ದಲ್ಲ, ಹೆಣೆದದ್ದು. ನೂಲಿನ ಕುಣಿಕೆಗಳು ಒಂದರೊಳಗೊಂದು ಕೂತಿರುವುದರಿಂದ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೆತ್ತಗೆ ಇಳಿಬೀಳುತ್ತದೆ. ಜರ್ಸಿ ಎಂದೂ ಕರೆಯುವ, ಹೆಚ್ಚಾಗಿ ಒಳಉಡುಪಿಗೆ ಬಳಕೆಯಾಗುತ್ತಿದ್ದ ಈ ಬಟ್ಟೆಯಿಂದ 1910ರ ದಶಕದಲ್ಲಿ ಫ್ರಾನ್ಸಿನ ವಸ್ತ್ರ ವಿನ್ಯಾಸಕಿ ಕೊಕೊ ಶನೆಲ್ ಹೆಂಗಸರ ಹೊರಉಡುಪು ಹೊಲಿಸಿದರು.

ಪಟ್ಟೆ ಇದ್ದರೆ ನಿರಿಗೆಯ ಅಂದವೇ ಬೇರೆ. ನೇರ ಗೆರೆ ಮಡಿಕೆಯಲ್ಲಿ ಬಾಗಿ ಅಲೆಯಾಗುತ್ತದೆ. ಮುಂಭಾಗವನ್ನು 45 ಡಿಗ್ರಿ ಓರೆಯಾಗಿಟ್ಟು, ಕತ್ತಿನ ಬಳಿ ಅಗಲ ಹೆಚ್ಚು ಬಿಟ್ಟು ಕತ್ತರಿಸಬೇಕು. ಹೆಗಲು ಜೋಡಿಸಿದಾಗ ಆ ಹೆಚ್ಚುವರಿ ಬಟ್ಟೆಯೇ ಜೋಲುತ್ತದೆ. ಹಿಂಭಾಗಕ್ಕೆ ಅಡ್ಡ ಪಟ್ಟೆ ಸಾಕು. ಆಗ ಪಕ್ಕದ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಿಸುವ ತಲೆನೋವೂ ಇಲ್ಲ.

ಹತ್ತಿಯದಾದರೆ ಮೊದಲೇ ಒಗೆದು ಒಣಗಿಸಿ, ಕುಗ್ಗುವುದೆಲ್ಲ ಕುಗ್ಗಲಿ. ಚೂಪು ಸೂಜಿ ಕುಣಿಕೆಯನ್ನು ಕತ್ತರಿಸಿ ತೂತು ಮಾಡುತ್ತದೆ. ದುಂಡು ತುದಿಯ ಬಾಲ್‌ಪಾಯಿಂಟ್ ಸೂಜಿ ಬೇಕು. ನೇರ ಹೊಲಿಗೆಯೂ ಬೇಡ, ಹಿಗ್ಗಿದಾಗ ದಾರ ಕಿತ್ತುಬರುತ್ತದೆ; ಬಟ್ಟೆಯೊಡನೆ ಹಿಗ್ಗುವ ಜಿಗ್‌ಜಾಗ್ ಹೊಲಿಗೆ ಹಾಕಿ. ಜಿಗ್‌ಜಾಗ್ ಮೆಷಿನ್ ಇಲ್ಲದವರು ಯಲಹಂಕ, ಆರ್.ಟಿ. ನಗರದಲ್ಲಿ ಸೀರೆಗೆ ಫಾಲ್, ಜಿಗ್‌ಜಾಗ್ ಹಾಕುವ ಅಂಗಡಿಯಲ್ಲಿ ವಿಚಾರಿಸಬಹುದು.