ನಿಮಗಿದು ಗೊತ್ತೆ? ಸಕ್ಕರೆ, ಮದ್ಯ ಮತ್ತು ಯಕೃತ್ತು

ಒಂದು ಗ್ರಾಂ ಸಕ್ಕರೆಯಲ್ಲಿ ಸುಮಾರು 4 ಕ್ಯಾಲೊರಿ ಇದ್ದರೆ, ಒಂದು ಗ್ರಾಂ ಆಲ್ಕೋಹಾಲ್‌ನಲ್ಲಿ 7. ಎರಡರ ಹೊರೆಯೂ ಬೀಳುವುದು ಮುಖ್ಯವಾಗಿ ಯಕೃತ್ತಿನ ಮೇಲೆ. ಸಕ್ಕರೆಯ ಅರ್ಧ ಭಾಗ ಗ್ಲೂಕೋಸ್. ಅದನ್ನು ಇಡೀ ದೇಹ ಬಳಸಿಕೊಳ್ಳುತ್ತದೆ. ಉಳಿದರ್ಧ ಫ್ರಕ್ಟೋಸ್, ಅದರ ಬಹುಪಾಲನ್ನು ಯಕೃತ್ತೇ ನಿಭಾಯಿಸಬೇಕು, ಮಿತಿ ಮೀರಿದರೆ ಅದು ಕೊಬ್ಬಾಗುತ್ತದೆ. ಆಲ್ಕೋಹಾಲನ್ನಂತೂ ದೇಹ ಕೂಡಿಡಲಾರದು. ಹಾಗಾಗಿ ಮದ್ಯ ಒಳಹೋದೊಡನೆ ಯಕೃತ್ತು ಕೊಬ್ಬು ಕರಗಿಸುವ ಕೆಲಸ ಬದಿಗಿಟ್ಟು ಅದನ್ನೇ ಮೊದಲು ವಿಲೇವಾರಿ ಮಾಡುತ್ತದೆ. ನಂಚಿಕೊಂಡ ಕಬಾಬು, ಕಡಲೆಬೀಜದ ಕೊಬ್ಬು ಶೇಖರವಾಗುವುದು ಆಗಲೇ. ಯಕೃತ್ತಿನಲ್ಲಿ ಸೇರಿದ ಆರಂಭದ ಹಂತದ ಈ ಕೊಬ್ಬು, ಕೆಲವು ವಾರ ಕುಡಿಯದಿದ್ದರೆ ಬಹುಮಟ್ಟಿಗೆ ಇಳಿಯುತ್ತದೆ.

ಮದ್ಯ ಕಾಡುವುದು ಯಕೃತ್ತನ್ನಷ್ಟೇ ಅಲ್ಲ. ಕುಡಿದಾಗ ನಿದ್ದೆ ಬೇಗ ಹತ್ತುತ್ತದೆ, ಆದರೆ ಅಪರಾತ್ರಿಯಲ್ಲಿ ಕೆಡುತ್ತದೆ. ಮರುದಿನದ ಸುಸ್ತಿಗೆ ಇದೂ ಒಂದು ಕಾರಣ.

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು. ಶೇ 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು. ಶೇ 5 ಎಂದರೆ ಸುಮಾರು 25 ಗ್ರಾಂ, ಆರು ಟೀಚಮಚ. ಎರಡೆರಡು ಚಮಚ ಹಾಕಿದ ಮೂರು ಲೋಟ ಕಾಫಿಗೇ ಅದು ಮುಗಿಯಿತು! ಬೆಲ್ಲ, ಜೇನುತುಪ್ಪವೂ ಈ ಲೆಕ್ಕದಿಂದ ಹೊರತಲ್ಲ. ಮದ್ಯಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿದೆ.

ಸಕ್ಕರೆಯನ್ನು ಬಹುತೇಕರು ಒಮ್ಮೆಲೇ ಬಿಡಬಹುದು. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಮದ್ಯವನ್ನು ಹಾಗೆ ಬಿಡುವಂತಿಲ್ಲ. ಕೈನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ವೈದ್ಯರ ನಿಗಾ ಬೇಕೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ಕೇಂದ್ರವಿದೆ.